ಹಳೇ ಕಂಪ್ಯೂಟರ್ ಏಳೋಕೆ ತಡ ಮಾಡುತ್ತಿದ್ದರೆ

ಮಳೆಗಾಲದಲ್ಲಿ ನಮ್ಮ ತೀರ್ಥಹಳ್ಳಿ ಕಡೆ ಕರೆಂಟು ದಿನಕ್ಕೆ ಎಷ್ಟು ಸಲ ಹೋಗುತ್ತದೆ ಅಂತ ನಿಮಗೇ ಗೊತ್ತಲ್ವಾ. ಪ್ರತಿ ಸಲವೂ ಕಂಪ್ಯೂಟರ್ ಮತ್ತೆ ಆನ್ ಮಾಡಬೇಕು. ನನ್ನದು 4 ಜಿಬಿ ರ‍್ಯಾಮಿನ ಹಳೇ ವಿಂಡೋಸ್ 10 ಡಬ್ಬ, ಅದು ಏಳುವಷ್ಟರಲ್ಲಿ ಒಂದು ಲೋಟ ಕಾಫಿ ಮುಗಿಯುತ್ತಿತ್ತು. ಅಡಿಕೆ ಲೆಕ್ಕ ಬರೆಯೋದು ಯಾವಾಗ?

ನಾವು ಕರೆಯದಿದ್ದರೂ ಒಂದಷ್ಟು ಪ್ರೋಗ್ರಾಮುಗಳು ತಾವೇ ಎದ್ದು ಹಿಂದೆ ಕೂತು ರ‍್ಯಾಮ್ ತಿನ್ನುತ್ತಿರುತ್ತವೆ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರೂ ಒಟ್ಟಿಗೆ ಒತ್ತಿದರೆ ಟಾಸ್ಕ್ ಮ್ಯಾನೇಜರ್ ಬರುತ್ತದೆ, ಚಿಕ್ಕದಾಗಿ ಕಂಡರೆ ಕೆಳಗಿನ ‘ಮೋರ್ ಡೀಟೇಲ್ಸ್’ ಒತ್ತಿ ‘ಸ್ಟಾರ್ಟಪ್’ಗೆ ಹೋಗಿ. ಅಲ್ಲಿ ‘ಸ್ಟಾರ್ಟಪ್ ಇಂಪ್ಯಾಕ್ಟ್’ ಅನ್ನೋ ಕಡೆ ‘ಹೈ’ ಅಂತ ಇರುವವನ್ನು, ಅಂದರೆ ಏಳೋದನ್ನು ಹೆಚ್ಚು ತಡ ಮಾಡುವವನ್ನು, ಮೊದಲು ನೋಡಿ. ಬೇಡದ್ದರ ಮೇಲೆ ರೈಟ್ ಕ್ಲಿಕ್ ಮಾಡಿ ‘ಡಿಸೇಬಲ್’ ಕೊಡಿ. ನಾನು ಟೀಮ್ಸ್, ಸ್ಪಾಟಿಫೈ ಎರಡನ್ನೂ ಮಲಗಿಸಿದೆ. ಅಳಿಸಿ ಹೋಗುತ್ತದೆ ಅನ್ನೋ ಭಯ ಬೇಡ, ಬೇಕಾದಾಗ ನಾವೇ ತೆರೆಯಬಹುದು.

ಆಂಟಿವೈರಸ್, ಸೌಂಡ್, ಟಚ್‌ಪ್ಯಾಡ್ ಹೆಸರಿನವನ್ನು ಮಾತ್ರ ಮುಟ್ಟಬೇಡಿ. ಕನ್ನಡ ಟೈಪಿಂಗಿಗೆ ಬರಹ, ನುಡಿ ಬಳಸುತ್ತಿದ್ದರೆ ಅದೂ ಇರಲಿ. ವನ್‌ಡ್ರೈವ್‌ನಲ್ಲಿ ಫೋಟೋ ಇಟ್ಟವರು ಸ್ವಲ್ಪ ಯೋಚಿಸಿ, ನಿಲ್ಲಿಸಿದರೆ ತಾನಾಗೇ ಅಪ್‌ಲೋಡ್ ಆಗೋದಿಲ್ಲ.

ಮತ್ತೆ, ಸುಮ್ನೆ ‘ಸ್ಪೀಡ್ ಮಾಡುವ’ ಸಾಫ್ಟ್‌ವೇರ್ ಹಾಕಿಕೊಳ್ಳಬೇಡಿ. ಜಾಸ್ತಿ ಸಲ ಅದೇ ಹೋಗಿ ಆ ಸ್ಟಾರ್ಟಪ್ ಸಾಲಿನಲ್ಲಿ ಕೂರುತ್ತದೆ.