ಜನತಾ ಡಯಲ್ ಮೇಲಿನ ಜೇನುಬಣ್ಣ

ಹೋದ ಬೇಸಿಗೆಯಲ್ಲಿ ಬಳ್ಳಾರಿ ಕೌಲ್ ಬಜಾರಿನ ನನ್ನ ಅಂಗಡಿಗೆ ಒಬ್ಬರು ಎಚ್‌ಎಂಟಿ ಜನತಾ ವಾಚು ತಂದರು. "ಅಣ್ಣಾ, ನಮ್ಮಪ್ಪಂದಿದು. ಡಯಲ್ ಪೂರ್ತಿ ಹಳದಿ ಆಗೈತಿ, ಹೊಸಾದು ಹಾಕಿಕೊಡ್ರಿ" ಅಂದರು.

ಲೈಟಿನ ಕೆಳಗೆ ಓರೆಯಾಗಿ ಹಿಡಿದೆ. ಬೆಳ್ಳಿ ಬಣ್ಣದ ಡಯಲ್. ನಡುವಿನಿಂದ ಅಂಚಿಗೆ ಹರಡಿದ ಸಣ್ಣ ಸಣ್ಣ ಗೆರೆಗಳು ವಾಚು ತಿರುಗಿಸಿದಂತೆ ಸೂರ್ಯನ ಕಿರಣದ ಹಾಗೆ ಮಿಂಚುತ್ತಿದ್ದವು. ಅದರ ಮೇಲೆ ಜೇನುತುಪ್ಪ ತೆಳ್ಳಗೆ ಸವರಿದಂಥ ಹೊಳಪು. ಒಂಬತ್ತರ ಕಡೆ ತಿಳಿ ಹಳದಿ, ಮೂರರ ಕಡೆ ಕಂದು. ಮೂರರ ಹತ್ತಿರ ಯಾಕೆ ಅಂದರೆ, ಕೀಲಿ ಕೊಡುವ ತಿರುಪು ಇರುವುದು ಅಲ್ಲೇ. ಸವೆದ ತಿರುಪಿನ ಸಂದಿಯಿಂದ ಬೆವರಿನ ತೇವ ಒಳಗೆ ಹೋಗಿತ್ತು.

ಒರೆಸುವುದಕ್ಕೆ ನನ್ನ ಕೈ ಬರಲಿಲ್ಲ. ಕೆಲಸ ಕಲಿತ ಹೊಸದರಲ್ಲಿ ಇಂಥದ್ದೇ ಡಯಲಿಗೆ ಸ್ಪಿರಿಟ್ ಹತ್ತಿ ಹಚ್ಚಿದ್ದೆ. ಹಳದಿ ಹೋಯಿತು, ಅದರ ಹಿಂದೆಯೇ ಅಕ್ಷರಗಳೂ ಹತ್ತಿಗೆ ಅಂಟಿಕೊಂಡು ಬಂದವು. ಅದನ್ನು ತಂದಿದ್ದ ಹಿರಿಯರು ಏನೂ ಬೈಯಲಿಲ್ಲ, ಸುಮ್ಮನೆ ವಾಚು ಜೇಬಿಗೆ ಹಾಕಿಕೊಂಡು ಹೋದರು. ಅದು ಇವತ್ತಿಗೂ ನೋಯುತ್ತದೆ.

ಇಂಥ ಡಯಲ್ ಹಿತ್ತಾಳೆ ತಗಡು. ಅದರ ಮೇಲೆ ಬೆಳ್ಳಿ ಬಣ್ಣದ ಲೇಪ, ಅಕ್ಷರದ ಅಚ್ಚು, ಲ್ಯಾಕರ್ ಅನ್ನುವ ತೆಳು ವಾರ್ನಿಷ್. ಹೆಚ್ಚಾಗಿ ಹಳದಿ ತಿರುಗುವುದು ಈ ಲ್ಯಾಕರ್, ಬಿಸಿಲಿಗೂ ತೇವಕ್ಕೂ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮೂರಲ್ಲಿ ಅದಕ್ಕೇನು ಕಡಿಮೆ!

ಮಷೀನ್ ಹೊರತೆಗೆದು, ಕಣ್ಣಿಗೆ ಐಗ್ಲಾಸ್ ಅನ್ನುವ ಭೂತಗನ್ನಡಿ ಹಾಕಿ ಡಯಲಿನ ಅಂಚು ನೋಡಿದೆ. ಕೇಸಿನ ತುಟಿ ಮುಚ್ಚಿದ್ದ ಕೂದಲೆಳೆಯಷ್ಟು ಸುತ್ತು ಬೆಳ್ಳಗೇ ಉಳಿದಿತ್ತು. ಡಯಲ್ ಮೂಲದ್ದೇ ಅನ್ನುವುದಕ್ಕೆ ನನಗೆ ಇದೇ ದೊಡ್ಡ ಸಾಕ್ಷಿ. ಮರುಬಣ್ಣ ಹೊಡೆದ ಡಯಲಿನಲ್ಲಿ ಬಣ್ಣ ಅಂಚಿನವರೆಗೂ ಒಂದೇ ಸಮ, ಅಕ್ಷರ ದಪ್ಪ, ನಿಮಿಷದ ಗೆರೆ ಅಲ್ಲಲ್ಲಿ ಸೊಟ್ಟ. ಮಾರುಕಟ್ಟೆಯಲ್ಲಿ "ಹೊಸ ಜನತಾ ಡಯಲ್" ಅಂತ ಸಿಗುವುದು ಬಹುತೇಕ ಅದೇ. 1961ರಲ್ಲಿ ಜಪಾನಿನ ಸಿಟಿಜನ್ ನೆರವಿನಿಂದ ಬೆಂಗಳೂರಲ್ಲಿ ಶುರುವಾದ ಎಚ್‌ಎಂಟಿ ವಾಚ್ ಕಾರ್ಖಾನೆ ಮುಚ್ಚಿಹೋಗಿದೆ. ಮೂಲ ಡಯಲ್ ಎಲ್ಲಿಂದ ತರೋಣ?

ಕತ್ತಲಲ್ಲಿ ಹೊಳೆಯಲೆಂದು ರೇಡಿಯಂ ಹಚ್ಚಿದ ಹಳೇ ವಿದೇಶಿ ವಾಚು ಬಂದರೆ ಮಾತ್ರ ನಾನು ಡಯಲ್ ಮುಟ್ಟುವುದೇ ಇಲ್ಲ. ಬೆಳಕು ಸತ್ತಿದ್ದರೂ ರೇಡಿಯಂ ಸತ್ತಿರುವುದಿಲ್ಲ, ಅದು ಅರ್ಧಕ್ಕೆ ಇಳಿಯಲು ಸುಮಾರು 1600 ವರ್ಷ ಬೇಕು. ಕೆರೆದರೆ ವಿಕಿರಣ ಸೂಸುವ ಆ ಪುಡಿ ಉಸಿರಿಗೆ ಹೋಗುತ್ತದೆ. ಹಾಗೆಯೇ ವರ್ಷಗಟ್ಟಲೆ ನಿಂತ ವಾಚಿನಲ್ಲಿ ಮುಳ್ಳಿನ ಕೆಳಗೆ ಮುಳ್ಳಿನದೇ ಆಕಾರದ ಕಂದು ಕಲೆ ಕಂಡರೆ ಅದು ಕೊಳೆಯಲ್ಲ, ರೇಡಿಯಂ ಸುಟ್ಟ ಗುರುತು.

ಜನತಾ ತಂದವರ ಕೈಗೆ ಐಗ್ಲಾಸ್ ಕೊಟ್ಟು ಆ ಬೆಳ್ಳನೆ ಅಂಚು ತೋರಿಸಿದೆ. ಬಹಳ ಹೊತ್ತು ನೋಡಿದರು. "ಅಪ್ಪ ಇದನ್ನ ಹೊಲಕ್ಕೂ ಕಟ್ಟಿಕೊಂಡು ಹೋಗ್ತಿದ್ರು. ಹಂಗಾದ್ರ ಡಯಲ್ ಬ್ಯಾಡ ಬಿಡ್ರಿ" ಅಂದರು.

ರಬ್ಬರ್ ಬ್ಲೋವರಿನಿಂದ ಧೂಳು ಊದಿದೆ, ಡಯಲಿಗೆ ಮಾಡಿದ್ದು ಅಷ್ಟೇ. ಮಷೀನ್ ತೊಳೆದು ಎಣ್ಣೆ ಬಿಟ್ಟು, ಗೀಚು ಬಿದ್ದ ಗಾಜನ್ನೂ ಸವೆದ ತಿರುಪನ್ನೂ ಬದಲಿಸಿ ಕೊಟ್ಟೆ.