ಬಾಗಿಲು ತೆರೆಯುವ ಮುನ್ನ

ಮಾಕುಟ್ಟದ ಘಾಟಿ ಇಳಿದು ಕಣ್ಣೂರು ವಿಮಾನ ನಿಲ್ದಾಣಕ್ಕೆ ಹೊರಡುವ ವಿರಾಜಪೇಟೆಯ ಬಂಧುಗಳು, ಕ್ಯಾಬಿನ್ ಸಿಬ್ಬಂದಿಯಾಗಿ ದುಡಿದು ಊರಿಗೆ ಮರಳಿರುವ ನನ್ನನ್ನು ಕೇಳುವುದು ಒಂದೇ: ಟೇಕ್‌ಆಫ್ ಅರ್ಧಕ್ಕೆ ನಿಂತರೆ ಏನಾಗುತ್ತದೆ? ಅಂಥದೊಂದು ದಿನ ಹಿಂಬದಿಯ ಬಾಗಿಲುಗಳ ಹೊಣೆ ನನ್ನದಾಗಿತ್ತು.

ವಿ-1 ಎಂಬ ನಿರ್ಣಾಯಕ ವೇಗವನ್ನು ದಾಟಿದರೆ ನಿಲ್ಲಲು ರನ್‌ವೇ ಸಾಲದಿರಬಹುದಾದ್ದರಿಂದ ಒಂದು ಎಂಜಿನ್ ಕೆಟ್ಟರೂ ಮೇಲೇರುವುದೇ ಕ್ರಮ. ನಮ್ಮ ಎಡ ಎಂಜಿನ್ ಸಿಡಿದದ್ದು ಅದಕ್ಕೆ ಮೊದಲು. ಬ್ರೇಕ್ ಬಿಗಿದ ರಭಸಕ್ಕೆ ವಿಮಾನವಿಡೀ ನಡುಗಿ, ನಿಂತಿತು.

ಕಷ್ಟದ ಕೆಲಸ ಆರಂಭವಾದದ್ದು ಆಗ. ಜನ ಎದ್ದು ನಿಂತರು. ನಾನು "ಕುಳಿತೇ ಇರಿ" ಎಂದು ಕೂಗುತ್ತಿದ್ದೆ. ನಿಂತ ವಿಮಾನವನ್ನೆಲ್ಲ ಖಾಲಿ ಮಾಡಬೇಕಾಗಿಲ್ಲ, ಬಿಸಿಯಾದ ಬ್ರೇಕಿನಿಂದಲೂ ಹೊಗೆ ಏಳುತ್ತದೆ. ಎಂಜಿನ್ ಆರಿಸುವ ಮುನ್ನ ಹಿಂಬಾಗಿಲು ತೆರೆದರೆ ಎಂಜಿನ್ನಿನ ಗಾಳಿಯ ಹೊಡೆತಕ್ಕೆ ಸ್ಲೈಡ್, ಅಂದರೆ ಇಳಿಯಲು ಬಾಗಿಲಿನಿಂದ ಚಾಚುವ ಗಾಳಿ ತುಂಬಿದ ಜಾರುದಾರಿ, ಹಾರಿಹೋಗಬಹುದು, ಇಳಿದವರೂ ಉರುಳಬಹುದು. ಆ ಕಾಯುವಿಕೆಯಷ್ಟು ಶಿಸ್ತು ಬೇಡುವ ಗಳಿಗೆಯನ್ನು ನಾನು ಬೇರೆ ಕಂಡಿಲ್ಲ.

ಕ್ಯಾಪ್ಟನ್‌ರ ಆದೇಶ ಬಂದೊಡನೆ ಮೊದಲು ಬಾಗಿಲಿನ ಕಿಂಡಿಯಿಂದ ಹೊರಗೆ ನೋಡಿದೆ. ಎಡಗಡೆ ಬೆಂಕಿ, ಆ ಬಾಗಿಲನ್ನು ಮುಟ್ಟಲಿಲ್ಲ. ಬಲಗಡೆಯದನ್ನು ತೆರೆದು, ಸ್ಲೈಡಿಗೆ ಗಾಳಿ ತುಂಬುವ ಹಿಡಿಕೆಯನ್ನೂ ಎಳೆದು, ಅದು ಪೂರ್ತಿ ಉಬ್ಬುವವರೆಗೆ ಜನರನ್ನು ತಡೆದೆ. ಬಳಿಕ ದಾರಿಗೆ ಅಡ್ಡವಾಗದಂತೆ ಪಕ್ಕದ ಹಿಡಿಯನ್ನು ಹಿಡಿದು ನಿಂತು, "ಸಾಮಾನು ಬಿಡಿ, ಹಾರಿ" ಎಂದು ಒಬ್ಬೊಬ್ಬರನ್ನೂ ಕಳಿಸಿದೆ. ಚೀಲ ತಂದವರ ಕೈಯಿಂದ ಅದನ್ನು ಕಿತ್ತು ಮೂಲೆಗೆಸೆದೆ. ಇದು ಒರಟುತನವಲ್ಲ: ಅರ್ಧದಷ್ಟು ಬಾಗಿಲುಗಳಿಂದಲೇ 90 ಸೆಕೆಂಡಿನಲ್ಲಿ ಎಲ್ಲರೂ ಹೊರಬರಬಲ್ಲರೆಂದು ತೋರಿಸಿದ ಮೇಲೆಯೇ ಇಂಥ ವಿಮಾನಗಳಿಗೆ ಪ್ರಮಾಣಪತ್ರ ಸಿಗುತ್ತದೆ, ಆ ಲೆಕ್ಕದಲ್ಲಿ ಸೂಟ್‌ಕೇಸ್ ಇಳಿಸುವ ಸಮಯ ಸೇರಿಲ್ಲ.

1985ರ ಆಗಸ್ಟ್ 22ರಂದು ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿಯೂ ಟೇಕ್‌ಆಫ್ ಕೈಬಿಟ್ಟ ವಿಮಾನಕ್ಕೆ ಬೆಂಕಿ ಹೊತ್ತಿ 55 ಜನ ಸತ್ತರು, ಹೆಚ್ಚಿನವರು ಹೊಗೆಯಿಂದ. ವಿಮಾನದೊಳಗೆ ನೆಲದುದ್ದಕ್ಕೂ ದಾರಿ ತೋರುವ ದೀಪಗಳಿಗೆ, ರೆಕ್ಕೆಯ ಬಳಿಯ ನಿರ್ಗಮನಕ್ಕೆ ಹೋಗುವ ದಾರಿ ಅಗಲವಾಗುವುದಕ್ಕೆ ಆ ಸಾವುಗಳು ಒತ್ತಾಸೆಯಾದವು. ಆದ್ದರಿಂದಲೇ, ಕುಳಿತೊಡನೆ ಹತ್ತಿರದ ಬಾಗಿಲಿಗೆ ಎಷ್ಟು ಸಾಲುಗಳೆಂದು ಎಣಿಸಿಕೊಳ್ಳಿ, ಕತ್ತಲಲ್ಲಿ ಕೈಯಿಂದ ತಡವಿ ಎಣಿಸಬೇಕಾಗಬಹುದು ಎಂದು ನಮ್ಮವರಿಗೆ ಹೇಳುತ್ತೇನೆ.

ನನ್ನ ಭಾಗದ ಆಸನಗಳನ್ನೂ ಶೌಚಾಲಯಗಳನ್ನೂ ನೋಡಿ, ಮೆಗಾಫೋನ್ ಹಿಡಿದು ಕೊನೆಗೆ ಇಳಿದೆ. ಗಾಳಿ ಬೀಸಿಬರುವ ದಿಕ್ಕಿನಲ್ಲಿ, ಅಗ್ನಿಶಾಮಕ ವಾಹನಗಳ ಹಾದಿಯಿಂದ ದೂರದಲ್ಲಿ ಪ್ರಯಾಣಿಕರನ್ನು ಒಟ್ಟುಗೂಡಿಸಿದೆ.