ಕೂದಲು ನೇರಗೊಳಿಸುವ ರಾಸಾಯನಿಕದಿಂದ ಕ್ಯಾನ್ಸರ್ ಶಂಕೆ: ಪರಿಹಾರಕ್ಕೆ ದೂರು ಸಲ್ಲಿಸುವ ಬಗೆ

ಹೇರ್ ರಿಲ್ಯಾಕ್ಸರ್ ಅಥವಾ ಸ್ಟ್ರೇಟನಿಂಗ್ ಕ್ರೀಮನ್ನು ವರ್ಷಗಟ್ಟಲೆ ಬಳಸಿ ಮುಂದೆ ಗರ್ಭಕೋಶದ ಕ್ಯಾನ್ಸರ್‌ಗೆ ತುತ್ತಾದವರು, 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಡಿ ತಯಾರಕರಿಂದ ಪರಿಹಾರ ಕೋರಿ ಉತ್ತರ ಕನ್ನಡದವರಾದರೆ ಕಾರವಾರದ ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬಹುದು. ದೂರಿನ ಬಲವೆಲ್ಲ ದಾಖಲೆಗಳಲ್ಲಿದೆ. ನಮ್ಮ ಕಡೆಯ ಪಾರ್ಲರುಗಳಲ್ಲಿ ಬಿಲ್ ಕೇಳುವ ರೂಢಿಯೇ ಇಲ್ಲದಿರುವುದರಿಂದ ತೊಡಕೂ ಅಲ್ಲಿಂದಲೇ ಶುರುವಾಗುತ್ತದೆ.

ಆದ್ದರಿಂದ ಮೊದಲು ಯಾವ ಕಂಪನಿಯ ಯಾವ ಉತ್ಪನ್ನವನ್ನು ಎಷ್ಟು ಕಾಲ ಬಳಸಿದಿರಿ ಎಂಬುದಕ್ಕೆ ಸಾಕ್ಷ್ಯ ಕೂಡಿಸಿ. ಪಾರ್ಲರಿಗೆ ಫೋನ್‌ಪೇ ಮೂಲಕ ಹಣ ಕೊಟ್ಟ ವಿವರ ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ದಿನಾಂಕ ಸಮೇತ ಸಿಗುತ್ತದೆ. ಕ್ರೀಮ್ ಹಚ್ಚಿದವರ ಲಿಖಿತ ಹೇಳಿಕೆಯೂ ನೆರವಾಗುತ್ತದೆ. ಬಚ್ಚಲುಮನೆಯ ಗೂಡಿನಲ್ಲಿ ಅರ್ಧ ಉಳಿದ ಡಬ್ಬಿಯಿದ್ದರೆ ಎಸೆಯಬೇಡಿ. ತಳದಲ್ಲಿರುವ ಬ್ಯಾಚ್ ಸಂಖ್ಯೆ, ಘಟಕಗಳ ಪಟ್ಟಿ, ಎಚ್ಚರಿಕೆಯ ಸಾಲುಗಳು ಓದುವಂತೆ ಫೋಟೊ ತೆಗೆದಿಡಿ. ಸಾಕಷ್ಟು ಎಚ್ಚರಿಕೆ ನೀಡದಿರುವುದೂ ಕಾಯ್ದೆಯ 84ನೇ ಕಲಮಿನ ಪ್ರಕಾರ ತಯಾರಕರ ಹೊಣೆಯೇ. ಅಗತ್ಯ ಬಿದ್ದರೆ ಆಯೋಗವು ಮಾದರಿಯನ್ನು ಪ್ರಯೋಗಾಲಯಕ್ಕೆ ಕಳುಹಿಸಬಲ್ಲದು.

ಚಿಕಿತ್ಸೆ ಮಣಿಪಾಲದಲ್ಲಾಗಿರಲಿ, ಹುಬ್ಬಳ್ಳಿಯಲ್ಲಾಗಿರಲಿ, ಬಯಾಪ್ಸಿ ವರದಿ ಮತ್ತು ಡಿಸ್ಚಾರ್ಜ್ ಸಾರಾಂಶದ ಪ್ರತಿ ಪಡೆಯಿರಿ.

ಕಷ್ಟದ ಭಾಗವೆಂದರೆ ರೋಗಕ್ಕೂ ಕ್ರೀಮಿಗೂ ನಂಟು ತೋರಿಸುವುದು. ಅಮೆರಿಕದಲ್ಲಿ 33,947 ಮಹಿಳೆಯರನ್ನು ಸುಮಾರು 11 ವರ್ಷ ಗಮನಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಅಂದಾಜಿನಂತೆ, 70 ವರ್ಷದೊಳಗೆ ಗರ್ಭಕೋಶದ ಕ್ಯಾನ್ಸರ್ ಬರುವ ಸಾಧ್ಯತೆ ಇಂಥವನ್ನು ಎಂದೂ ಬಳಸದವರಲ್ಲಿ ಶೇ 1.64, ಪದೇಪದೇ ಬಳಸಿದವರಲ್ಲಿ ಶೇ 4.05. ಇದು ಸಂಬಂಧವನ್ನು ಸೂಚಿಸುತ್ತದೆಯೇ ಹೊರತು ನಿಮ್ಮ ರೋಗದ ಕಾರಣವನ್ನು ರುಜುವಾತುಪಡಿಸುವುದಿಲ್ಲ. ಆದಕಾರಣ ಕ್ಯಾನ್ಸರ್ ತಜ್ಞರ ಅಭಿಪ್ರಾಯ ಬೇಕೇ ಬೇಕು. ಮದುವೆಗೆಂದು ಒಂದೆರಡು ಸಲ ಮಾಡಿಸಿಕೊಂಡವರ ದೂರು ಬಲಹೀನವೆಂದೇ ನನ್ನ ಅನಿಸಿಕೆ.

ದೂರಿಗೆ ಕಾರಣ ಹುಟ್ಟಿದಂದಿನಿಂದ ಎರಡು ವರ್ಷದ ಗಡುವಿದೆ. ಆ ದಿನ ಯಾವುದೆಂಬುದೇ ವಾದದ ವಿಷಯವಾಗುವುದರಿಂದ, ರೋಗ ಪತ್ತೆಯಾದ ಕೂಡಲೇ ಹೆಜ್ಜೆಯಿಡುವುದು ಕ್ಷೇಮ. ತಡವಾಗಿದ್ದರೆ ಸಕಾರಣ ವಿವರಿಸಿ ವಿಳಂಬ ಮನ್ನಿಸುವಂತೆ ಅರ್ಜಿ ಹಾಕಬೇಕು. ಉತ್ಪನ್ನಕ್ಕೆ ಕೊಟ್ಟ ಹಣ ಐದು ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. ಶಿರಸಿಯಂಥ ಊರಿನವರು ಘಟ್ಟ ಇಳಿದು ಅಲೆಯುವುದನ್ನು ತಪ್ಪಿಸಲು ವಿಡಿಯೊ ಮೂಲಕ ವಿಚಾರಣೆಗೆ ಕೋರಬಹುದು. ಮಹಿಳೆಯರಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ದೊರೆಯುವುದರಿಂದ ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ. ರೋಗಿ ತೀರಿಕೊಂಡಿದ್ದರೆ ವಾರಸುದಾರರೂ ದೂರು ಸಲ್ಲಿಸಬಹುದು.